ದಮ್ಮಿನ ಅಂಬ್ರಪ್ಪನ ಸನಾದಿ

ಅಂದಿನ ಇಡೀ ಫಜೀತಿಗೆ ಕಾರಣ ಹೆಬ್ಬೆರಳ ಉಗುರಿನಷ್ಟು ಒಂದು ಒಣಹುಲ್ಲಿನ ಚೂರು. ಸನಾದಿ ಊದುವವರು ಅದಕ್ಕೆ ಪತ್ತಿ ಅನ್ನುತ್ತಾರೆ. ಅದನ್ನು ಸನಾದಿಯ ತುದಿಗೆ ಸಿಕ್ಕಿಸಿ ತುಟಿಗಳ ನಡುವೆ ಹಿಡಿದು ಊದಿದರೆ ಮಾತ್ರ ಆ ಕಟ್ಟಿಗೆ ಹಾಡುತ್ತದೆ. ಪತ್ತಿಯಿಲ್ಲದ ಸನಾದಿಗೂ ಒಲೆ ಊದುವ ಕೊಳವೆಗೂ ಏನೂ ವ್ಯತ್ಯಾಸವಿಲ್ಲ. ಅಂಥದೊಂದು ಪತ್ತಿ ರಂಗಂಪೇಟೆಯ ಅಂಬ್ರಪ್ಪನಿಗೆ ಸೋಮವಾರ ಮುಂಜಾನೆ ಹಳೆಯ ಸ್ವೆಟರಿನ ಜೇಬಿನಲ್ಲಿ ಸಿಕ್ಕಿತು. ಸಿಕ್ಕಿದ್ದನ್ನು ಅಲ್ಲೇ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಅವನು ಹೆಂಡತಿ ಅಡುಗೆಮನೆಯಲ್ಲಿರುವುದನ್ನು ಖಾತ್ರಿ ಮಾಡಿಕೊಂಡು ಅದನ್ನು ಅಂಗಿಯ ಜೇಬಿಗೆ ಇಳಿಸಿದ.

ಅಂಬ್ರಪ್ಪ ಸುರಪುರದ ನೀರಾವರಿ ಕಚೇರಿಯೊಂದರಲ್ಲಿ ಗುಮಾಸ್ತ. ವಯಸ್ಸು ಐವತ್ತರ ಹತ್ತಿರ. ಚಿಕ್ಕಂದಿನಿಂದ ದಮ್ಮು, ಮದುವೆಯಾದ ಮೇಲೆ ಬಿಪಿ, ಬಡ್ತಿ ಸಿಕ್ಕಿದ ವರ್ಷವೇ ಸಕ್ಕರೆ ಕಾಯಿಲೆ. ಅವನ ಮೈ ಹಳೆಯ ಸರ್ಕಾರಿ ಕ್ವಾರ್ಟರ್ಸ್ ಇದ್ದಂತೆ; ಒಂದು ಕಡೆ ಸೋರುವುದನ್ನು ಮುಚ್ಚಿದರೆ ಇನ್ನೊಂದು ಕಡೆ ಗೋಡೆ ಬಿರಿಯುತ್ತಿತ್ತು. ಇಂಥವನಿಗೆ ನಲವತ್ತು ದಾಟಿದ ಮೇಲೆ ಸನಾದಿಯ ಹುಚ್ಚು ಹಿಡಿಯಿತು. ಯಾರದೋ ಮದುವೆಯಲ್ಲಿ ಸನಾದಿಯವನ ಪಕ್ಕ ಕೂತವನು ಊಟದ ಕೊನೆಯ ಪಂಕ್ತಿ ಎದ್ದರೂ ಏಳಲಿಲ್ಲ. ಆಮೇಲೆ ಆ ಸನಾದಿಯವನ ಬೆನ್ನು ಬಿದ್ದು ಒಂದು ಹಳೆಯ ಸನಾದಿ ಸಂಪಾದಿಸಿದ, ಭಾನುವಾರಗಳಲ್ಲಿ ಅವನ ಮನೆಗೆ ಹೋಗಿ ಅಷ್ಟಿಷ್ಟು ಕಲಿತ. ದೊಡ್ಡ ವಿದ್ವಾಂಸನೇನೂ ಆಗಲಿಲ್ಲ. ಆದರೆ ಹುಟ್ಟಿದಾಗಿನಿಂದ ತನ್ನ ಮಾತೇ ಕೇಳದ ಉಸಿರು ಆ ಕೊಳವೆಯೊಳಗೆ ಹೋದಾಗ ಮಾತ್ರ ಹೇಳಿದಂತೆ ಕೇಳುತ್ತಿತ್ತು; ನಿಲ್ಲು ಎಂದರೆ ನಿಲ್ಲುತ್ತಿತ್ತು, ಏರು ಎಂದರೆ ಏರುತ್ತಿತ್ತು. ಆ ಸುಖ ಏನೆಂದು ಎದೆ ಗಟ್ಟಿಯಿದ್ದವರಿಗೆ ಹೇಳಿದರೆ ತಿಳಿಯುವಂಥದ್ದಲ್ಲ.

ಹೋದ ಚಳಿಗಾಲದಲ್ಲಿ ಎಲ್ಲ ಕೆಟ್ಟಿತು. ಒಂದು ಸಂಜೆ ನೆಗಡಿಯಿದ್ದರೂ ಅಂಗಳದಲ್ಲಿ ಕೂತು ಊದುತ್ತಿದ್ದವನು ಉದ್ದದ ಒಂದು ಸ್ವರದ ಮಧ್ಯದಲ್ಲಿ ಪಕ್ಕಕ್ಕೆ ವಾಲಿದ. ತುಟಿ ನೀಲಿಯಾಗಿತ್ತು. ಹೆಂಡತಿ ಸುಂದ್ರಮ್ಮ ಬರಿಗಾಲಲ್ಲಿ ಬಜಾರದ ತನಕ ಓಡಿ ಆಟೋ ತಂದಳು. ಅವನು ಚೇತರಿಸಿಕೊಂಡ ಮೇಲೆ ಅವನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, "ಇನ್ನ ಅದನ್ನ ಮುಟ್ಟಂಗಿಲ್ಲ ಅಂತ ಆಣಿ ಮಾಡ್ರಿ" ಅಂದಳು. ಮಾಡಿದ. ಸನಾದಿ ಟ್ರಂಕಿಗೆ ಹೋಯಿತು, ಬೀಗದ ಕೈ ಅವಳ ಸೆರಗಿನ ಗಂಟಿಗೆ.

ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಅಂಬ್ರಪ್ಪ ತಡೆದುಕೊಂಡ. ಕಾಲುವೆಗೆ ನೀರು ಯಾವಾಗ ಬಿಡುತ್ತೀರಿ ಎಂದು ಕೇಳುವ ರೈತರಿಗೆ ಉತ್ತರ ಹೇಳುವಾಗಲೆಲ್ಲ ಅವನ ಕೈ ಜೇಬಿನ ಮೇಲೇ ಇತ್ತು. ಊಟದ ವೇಳೆಗೆ ಎಲ್ಲರೂ ಹೊರಗೆ ಹೋದರು. ಪತ್ತಿಯನ್ನು ಉಗುಳಿನಲ್ಲಿ ನೆನೆಸದೆ ಅದು ಮಾತಾಡುವುದಿಲ್ಲ. ಅವನು ಅದನ್ನು ಅಡಿಕೆಯಂತೆ ದವಡೆಗಿಟ್ಟುಕೊಂಡು ಒಂದಿಷ್ಟು ಹೊತ್ತು ಕಡತ ನೋಡಿದ. ಆಮೇಲೆ ಎದ್ದು ಕಬ್ಬಿಣದ ಕಪಾಟಿನ ಹಿಂದೆ ನಿಂತು, ಆಣೆ ಮಾಡಿದ್ದು ಸನಾದಿಯ ಮೇಲೆ, ಪತ್ತಿಯ ಮೇಲಲ್ಲ ಎಂದು ಸಮಾಧಾನ ಹೇಳಿಕೊಂಡು, ಮೆಲ್ಲಗೆ ಊದಿದ.

"ಪೀಂ..."

ವರಾಂಡ ಗುಡಿಸುತ್ತಿದ್ದ ಮುನ್ನಿಬೀ ಕಸಬರಿಗೆ ಬಿಟ್ಟು ಒಳಗೆ ಓಡಿಬಂದಳು. ಅವಳು ಆ ಕಚೇರಿಯ ಜವಾನಿ. ಸಾಹೇಬರುಗಳ ಕಷ್ಟಸುಖ ಅವರ ಮನೆಯವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು.

"ಅರೇ ಅಲ್ಲಾ! ಅಂಬ್ರಪ್ಪ ಸಾಬ್ರ ಎದಿ ಕೂಗಾಕತ್ತದ! ಯಾರರ ಬರ್ರೋ!"

ಅಂಬ್ರಪ್ಪ ಗಾಬರಿಯಿಂದ ಪತ್ತಿಯನ್ನು ದವಡೆಗೆ ತಳ್ಳಿ, ಬಾಯಿ ಬಿಗಿಹಿಡಿದು, ಏನೂ ಇಲ್ಲ ಎಂದು ಎರಡೂ ಕೈ ಆಡಿಸಿದ. ಮುನ್ನಿಬೀಗೆ ಅದು ಮುಳುಗುವವನು ಕೈ ಬಡಿದಂತೆ ಕಂಡಿತು.

"ಮಾತ ನಿಂತಾವ!" ಎಂದು ಅವಳು ಇನ್ನಷ್ಟು ಜೋರಾಗಿ ಕೂಗಿದಳು.

ಊಟದ ಡಬ್ಬಿ ಹಿಡಿದುಕೊಂಡೇ ಮೇಲ್ವಿಚಾರಕ ಮರಿಲಿಂಗಪ್ಪ ಬಂದ. ಮೊಬೈಲಿನಲ್ಲಿ ಮನೆಮದ್ದಿನ ವಿಡಿಯೋ ನೋಡಿ ನೋಡಿ ಅವನು ಅರ್ಧ ಡಾಕ್ಟರಾಗಿದ್ದ. ಉಳಿದರ್ಧವನ್ನು ಧೈರ್ಯದಿಂದ ತುಂಬಿಸಿಕೊಂಡಿದ್ದ.

"ಸರೀರಿ, ಗಾಳಿ ಬಿಡ್ರಿ. ಅಂಬ್ರಪ್ಪ, ಬಾಯಿ ತೆರಿಯಪಾ."

ಅಂಬ್ರಪ್ಪ ತುಟಿಯನ್ನು ಇನ್ನಷ್ಟು ಬಿಗಿದ.

"ನೋಡ್ರಿ, ಹಲ್ಲ ಕಚ್ಚಿಕೊಂಡಾನ. ಇದಕ್ಕ ಒಂದ ಔಷಧ. ಬೆನ್ನಾಗ ಬರೋಬರಿ ಒಂದ ಪೆಟ್ಟು."

ಬ್ಯಾಡ ಅನ್ನಲು ಅಂಬ್ರಪ್ಪ ಬಾಯಿ ತೆರೆಯುವುದಕ್ಕೂ ಮರಿಲಿಂಗಪ್ಪನ ಅಂಗೈ ಬೆನ್ನಿಗೆ ಬೀಳುವುದಕ್ಕೂ ಸರಿಹೋಯಿತು. ಪತ್ತಿ ಗಂಟಲಿಗೆ ಇಳಿಯಿತು. ಹೊಟ್ಟೆಯ ದಾರಿ ಹಿಡಿದಿದ್ದರೆ ಚಿಂತೆಯಿರಲಿಲ್ಲ. ಅದು ಉಸಿರಿನ ದಾರಿಯಲ್ಲಿ ಹೋಗಿ ಕೂತಿತು.

ಪುಣ್ಯಕ್ಕೆ ಉಸಿರು ಕಟ್ಟಲಿಲ್ಲ. ಆದರೆ ಒಳಗೆ ಎಳೆದುಕೊಂಡರೆ "ಸುಂಯ್", ಹೊರಗೆ ಬಿಟ್ಟರೆ "ಪೀಂ". ಆ ಗಾಬರಿಯಲ್ಲೂ ಅಂಬ್ರಪ್ಪನಿಗೆ ಒಂದು ತಿಳಿಯಿತು: ಒಳಗೆ ಹೋಗುವಾಗ ಷಡ್ಜ, ಹೊರಗೆ ಬರುವಾಗ ಪಂಚಮ. ಶ್ರುತಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಇನ್ನು ಮುಚ್ಚಿಡುವುದು ಬೇಡ, ಇದ್ದದ್ದನ್ನು ಹೇಳಿಬಿಡೋಣ ಅನ್ನಿಸಿತು. ಮರಿಲಿಂಗಪ್ಪನ ತೋಳು ಹಿಡಿದು, ಇದ್ದ ಉಸಿರನ್ನೆಲ್ಲ ಕೂಡಿಸಿ, "ಪ... ಪೀಂ... ತ್ತಿ" ಅಂದ.

"ಏನಂದ್ಯಪಾ?"

"ಪ... ತ್ತೀಂ..."

ಮರಿಲಿಂಗಪ್ಪನ ಕಣ್ಣು ತುಂಬಿದವು. "ಪತ್ನಿ ಅನ್ನಾಕತ್ತಾನ್ರಿ! ಕಡೀ ಗಳಿಗ್ಯಾಗ ಹೇಣ್ತಿ ನೆನಪು ಬಂದಾಳ. ಮುನ್ನಿಬೀ, ಸುಂದ್ರಮ್ಮಗ ಫೋನ್ ಹಚ್ಚು. ಅಮೀನಸಾಬಗ ಜೀಪ್ ತರಾಕ ಹೇಳು, ಜಲ್ದಿ!"

ಅಂಬ್ರಪ್ಪ ಬೇಡ ಬೇಡ ಎಂದು ಕಾಲು ಬಡಿದ. ಹೆಂಡತಿಯ ಹೆಸರು ಕೇಳಿದ ಕೂಡಲೇ ಜೀವ ಬಂತು ನೋಡಿ ಎಂದು ಮುನ್ನಿಬೀ ಕಣ್ಣೊರೆಸಿಕೊಂಡಳು.

ಶಹಾಪುರದಲ್ಲಿ ನಂದಿನಿ ಎಂಬ ಎದೆಯ ಡಾಕ್ಟರಿದ್ದರು. ಅಂಬ್ರಪ್ಪ ಆಗಾಗ ತೋರಿಸಿಕೊಳ್ಳುತ್ತಿದ್ದದ್ದು ಅವರಲ್ಲೇ. ಕಚೇರಿಯ ಡ್ರೈವರ್ ಅಮೀನಸಾಬನ ಜೀಪು ಅವನನ್ನೂ ಮರಿಲಿಂಗಪ್ಪನನ್ನೂ ಹೇರಿಕೊಂಡು ಹೊರಟಿತು, ರಂಗಂಪೇಟೆಯಲ್ಲಿ ನಿಂತಿತು. ಸುಂದ್ರಮ್ಮ ಒಂದು ಕೈಯಲ್ಲಿ ಬಿಸಿನೀರಿನ ಥರ್ಮಾಸು, ಇನ್ನೊಂದು ಕೈಯಲ್ಲಿ ಕಂಬಳಿ ಹಿಡಿದು ರಸ್ತೆಯಲ್ಲಿ ನಿಂತಿದ್ದಳು. ಅವಳ ಹಿಂದೆ ಪಕ್ಕದ ಮನೆಯ ಮುದುಕಿ ಗೊಲ್ಲಾಳಮ್ಮ. ಓಣಿಯಲ್ಲಿ ಯಾರಿಗೇ ಆರಾಮ ತಪ್ಪಲಿ, ದವಾಖಾನೆಗೆ ಜೊತೆ ಹೋಗುವವಳು ಅವಳೇ. ಸ್ವತಃ ದಮ್ಮಿನವಳಾದ್ದರಿಂದ ಜೀಪು ಹತ್ತುವಷ್ಟರಲ್ಲಿ ರೋಗಿ ಯಾರೆಂಬ ಸಂಶಯ ಬರುವಂತಾಗಿದ್ದಳು.

ಸುಂದ್ರಮ್ಮ ಗಂಡನ ಪಕ್ಕ ಕೂತು ಎದೆಯ ಮೇಲೆ ಕೈಯಿಟ್ಟಳು. ಎಷ್ಟೋ ವರ್ಷ ಆ ಎದೆಯ ಪಕ್ಕ ಮಲಗಿದವಳು. ಅದು ಮಳೆಗಾಲದಲ್ಲಿ ಹೇಗೆ ಗೊರಗುಟ್ಟುತ್ತದೆ, ಜೋಳದ ಧೂಳಿಗೆ ಹೇಗೆ ಸಿಳ್ಳು ಹಾಕುತ್ತದೆ ಎಲ್ಲ ಬಲ್ಲವಳು. ಕಿವಿಗೊಟ್ಟು ಕೇಳಿದಳು. ಅವಳ ಹುಬ್ಬು ಗಂಟಾಯಿತು.

"ರೀ, ಇದು ನಿಮ್ಮ ಎದಿ ಸಪ್ಪಳ ಅಲ್ಲ."

ಅಂಬ್ರಪ್ಪ ಹೊರಗಿನ ಹತ್ತಿ ಹೊಲದ ಕಡೆ ನೋಡಿದ.

"ನನ್ನ ಕಡಿ ನೋಡ್ರಿ. ಈ ಸಪ್ಪಳ ನಾ ಎಲ್ಲೋ ಕೇಳೀನಿ."

"ಪೀಂ," ಅಂದ ಅಂಬ್ರಪ್ಪ, ಉಸಿರು ಬಿಡದೆ ಬೇರೆ ದಾರಿಯಿಲ್ಲದೆ.

ಶಹಾಪುರದ ಹೊರಗೆ ಒಬ್ಬ ಪೊಲೀಸಿನವನು ಜೀಪಿಗೆ ಕೈ ಮಾಡಿದ.

"ಸರ್ಕಾರಿ ಗಾಡಿಗಿ ಇದೇನ್ರಿ, ಮದುವಿ ಹಾರ್ನ್ ಹಾಕೀರಿ? ಬಂದ್ ಮಾಡ್ರಿ ಮೊದ್ಲ!"

"ಹಾರ್ನ್ ಅಲ್ರಿ ಸಾಹೇಬ್ರ," ಎಂದ ಅಮೀನಸಾಬ, "ಕ್ಲರ್ಕ್ ಅದಾರ."

ಪೊಲೀಸ್ ಒಳಗೆ ಇಣುಕಿದ. ಕಂಬಳಿ ಹೊದ್ದ ಕ್ಲರ್ಕ್ ಅವನನ್ನೇ ದೀನವಾಗಿ ನೋಡುತ್ತ ಒಂದು ಪಂಚಮ ಹಿಡಿದ. ಪೊಲೀಸ್ ಸಲಾಮು ಹೊಡೆದು ಪಕ್ಕಕ್ಕೆ ಸರಿದ.

ಮುಂದೆ, ಮಲಗಿದ ಬುದ್ಧನ ಆಕಾರದ ಗುಡ್ಡ ಕಂಡಿತು. ಹೊಟ್ಟೆ ಆಕಾಶಕ್ಕೆ ಮಾಡಿ ಅಷ್ಟು ನಿರಾಳವಾಗಿ ಮಲಗಿದ ಭಗವಂತನನ್ನು ನೋಡುತ್ತ ಅಂಬ್ರಪ್ಪ, ತನಗೂ ಒಂದೇ ಒಂದು ಸಲ ಹೀಗೆ ಸಪ್ಪಳವಿಲ್ಲದ ಉಸಿರು ದಕ್ಕಲಿ ಎಂದು ಮನಸ್ಸಿನಲ್ಲೇ ಕೈಮುಗಿದ. ಅಮೀನಸಾಬನೂ ಅದೇ ಹೊತ್ತಿಗೆ ಗುಡ್ಡದ ಕಡೆ ನೋಡಿರಬೇಕು. ಎದುರಿನ ರೋಡ್ ಹಂಪು ಅವನಿಗೆ ಕಾಣಲಿಲ್ಲ.

ಜೀಪು ಹಾರಿತು. ಅಂಬ್ರಪ್ಪನ ತಲೆ ಮೇಲಿನ ತಗಡಿಗೆ ಬಡಿಯಿತು. ಹೊಟ್ಟೆಯ ತಳದಿಂದ ಒಂದು ಕೆಮ್ಮು ಎದ್ದು ಬಂತು, ಅದರ ಜೊತೆಗೆ ಪತ್ತಿಯೂ ಬಂದು ಗೊಲ್ಲಾಳಮ್ಮನ ಮಡಿಲಿಗೆ ಬಿತ್ತು. ಸಪ್ಪಳ ಒಮ್ಮೆಲೇ ನಿಂತಿತು.

"ಇದೇನ ಯವ್ವಾ? ಹಲ್ಲೇನು?" ಎಂದಳು ಗೊಲ್ಲಾಳಮ್ಮ.

ಸುಂದ್ರಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಅವಳು ಬಯ್ಯಲಿಲ್ಲ. ಬೈದಿದ್ದರೆ ಅಂಬ್ರಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

"ಆಣಿ ಮಾಡಿದ್ರಿ."

"ಸನಾದಿ ಮುಟ್ಟಿಲ್ಲ ಸುಂದ್ರಾ. ಇದು... ಬರೇ ಪತ್ತಿ."

"ಅವತ್ತ ಕಾಲಾಗ ಚಪ್ಪಲಿ ಇಲ್ದ ಓಡಿದ್ದೆ ನಾ. ದಾರ್ಯಾಗ ಏನೇನ್ ಬೇಡಿಕೊಂಡೆ ಅಂತ ನಿಮಗ ಹೇಳಿಲ್ಲ. ಅದೆಲ್ಲಾ ಈ ಹುಲ್ಲಿನ ಮುಂದ ಏನೂ ಅಲ್ಲೇನ್ರಿ?"

ಅಂಬ್ರಪ್ಪನ ಎದೆ ಈಗ ಒಂದಿಷ್ಟೂ ಸಪ್ಪಳ ಮಾಡುತ್ತಿರಲಿಲ್ಲ, ಆದರೆ ಹಿಂದೆಂದಿಗಿಂತ ಭಾರವಾಗಿತ್ತು. ಮರಿಲಿಂಗಪ್ಪ ಕೆಮ್ಮಿ, "ನಾ ಅವಾಗಲೇ ಪೆಟ್ಟು ಕೊಟ್ಟಿದ್ನಲ್ಲ, ಅದು ಈಗ ಕೆಲಸ ಮಾಡ್ತು" ಅಂದ.

ಬಂದದ್ದೇ ಬಂದಿದ್ದೇವೆ, ತೋರಿಸಿಯೇ ಹೋಗೋಣ ಎಂದು ಸುಂದ್ರಮ್ಮ ಗಂಡನನ್ನು ಡಾಕ್ಟರ ಮುಂದೆ ಕೂರಿಸಿದಳು. ನಂದಿನಿಯವರು ಎದೆಗೆ ಕೊಳವೆಯಿಟ್ಟು ಕೇಳಿದರು. ಆಮೇಲೆ ಉಸಿರಿನ ಬಲ ಅಳೆಯುವ ಪ್ಲಾಸ್ಟಿಕ್ ನಳಿಕೆ ಕೊಟ್ಟು ಊದಲು ಹೇಳಿದರು. ಅಂಬ್ರಪ್ಪ ಊದಿದ. ಡಾಕ್ಟರು ಮುಳ್ಳು ನೋಡಿ, ಕಂಪ್ಯೂಟರ್ ನೋಡಿ, ಮತ್ತೆ ಮುಳ್ಳು ನೋಡಿದರು.

"ಹೋದ ವರ್ಷ ಇದಕ್ಕಿಂತ ಭಾಳ ಚಲೋ ಊದ್ತಿದ್ರಿ. ಚಳಿಗಾಲ ಮುಗದ ಮ್ಯಾಲೆ ಇಳಕೋತ ಬಂದದ. ಔಷಧ ಏನರ ಬಿಟ್ರೇನ್ರಿ?"

"ಇಲ್ರಿ. ಒಂದೂ ತಪ್ಪಿಸಿಲ್ಲ."

"ಮತ್ತೇನ್ ಬಿಟ್ರಿ?"

ಸುಂದ್ರಮ್ಮ ಸೆರಗಿನಿಂದ ಪತ್ತಿ ತೆಗೆದು ಮೇಜಿನ ಮೇಲಿಟ್ಟಳು. "ಸನಾದಿ ಊದ್ತಿದ್ರು. ನಾನ ಬಿಡಿಸೀನಿ."

ಕತೆಯೆಲ್ಲ ಕೇಳಿ ಡಾಕ್ಟರು ಮೊದಲು ನಕ್ಕರು, ಆಮೇಲೆ ಗದರಿದರು. "ಅವತ್ತ ನೆಗಡಿ ಇತ್ತು, ಚಳಿ ಇತ್ತು, ದಮ್ಮಿನ ಪಂಪ್ ತಗೊಂಡಿರಲಿಲ್ಲ. ಅದಕ್ಕ ಬಿದ್ರಿ. ತಪ್ಪು ನಿಮ್ದು, ಸನಾದೀದಲ್ಲ. ದಿನಾ ಊದ್ರಿ. ಪಂಪ್ ಮಾತ್ರ ಬಿಡಬ್ಯಾಡ್ರಿ, ನೆಗಡ್ಯಾಗ ಊದಬ್ಯಾಡ್ರಿ, ದಣಿದಾಗ ಊದಬ್ಯಾಡ್ರಿ. ಪತ್ತಿ ನುಂಗಬ್ಯಾಡ್ರಿ."

ಬಾಗಿಲಲ್ಲಿ ನಿಂತಿದ್ದ ಗೊಲ್ಲಾಳಮ್ಮ ಕತ್ತು ಮುಂದೆ ಮಾಡಿದಳು. "ಡಾಕ್ಟ್ರವ್ವಾ, ನಂಗೂ ದಮ್ಮದ. ಊದೂದು ನಂಗೂ ಚಲೋನೇನು?"

"ನಿಧಾನಕ ಉಸರು ಬಿಡೂದು ಎಲ್ಲಾರಿಗೂ ಚಲೋನ ಅಜ್ಜಿ," ಎಂದು ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಗಂಟಲೊಳಗೆ ಏನಾದರೂ ಗಾಯವಾಗಿದೆಯೋ ನೋಡಬೇಕು, ಸಂಜೆಯವರೆಗೆ ಅಂಬ್ರಪ್ಪ ಇಲ್ಲೇ ಇರಲಿ ಎಂದು ಡಾಕ್ಟರು ಹೇಳಿದ್ದರಿಂದ ಉಳಿದವರು ಜೀಪಿನಲ್ಲಿ ಹೊರಟರು. ಸುಂದ್ರಮ್ಮ ಪತ್ತಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. "ಇದು ನನ್ನ ಕಡಿ ಇರ್ಲಿ, ನೀವು ಮತ್ತ ನುಂಗ್ತೀರಿ." ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. ಅವಳ ಕಣ್ಣು ಒದ್ದೆಯಾಗಿತ್ತು, ತುಟಿಯಲ್ಲಿ ಮಾತ್ರ ನಗು. "ಜಲ್ದಿ ಬರ್ರಿ. ಟ್ರಂಕ್ ತೆಗದಿಟ್ಟಿರ್ತೀನಿ."

ಸಂಜೆ ಬಿಡುಗಡೆಯಾದ ಅಂಬ್ರಪ್ಪನಷ್ಟು ಸುಖಿ ಶಹಾಪುರ ಬಸ್ ನಿಲ್ದಾಣದಲ್ಲಿ ಇನ್ನೊಬ್ಬನಿರಲಿಲ್ಲ. ಖುಷಿಗೆ ಮನೆಗೆ ಏನಾದರೂ ಒಯ್ಯಬೇಕೆನಿಸಿತು. ಜಿಲೇಬಿ ಅಂಗಡಿಯ ಮುಂದೆ ನಿಂತ, ಸಕ್ಕರೆ ಕಾಯಿಲೆ ನೆನಪಾಯಿತು. ಮಿರ್ಚಿ ಬಂಡಿಯ ಮುಂದೆ ನಿಂತ, ಬಿಪಿ ನೆನಪಾಯಿತು. ಕೊನೆಗೆ ನಾಲ್ಕು ಸೌತೆಕಾಯಿ ಕೊಂಡು ಸುರಪುರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿಯ ಮೇಲೆ ಅವನ ಬೆರಳು ತಮ್ಮಷ್ಟಕ್ಕೆ ತಾವೇ ಕುಣಿದವು. ಇವತ್ತು ಅಂಗಳದಲ್ಲಿ ಕೂತು, ಸುಂದ್ರಮ್ಮನನ್ನು ಎದುರಿಗೆ ಕೂರಿಸಿಕೊಂಡು, ಯಾರ ಭಯವೂ ಇಲ್ಲದೆ ಊದುವುದು.

ಓಣಿಯ ಮೂಲೆಗೆ ಬಂದಾಗ ಒಂದು ಸಪ್ಪಳ ಕೇಳಿ ನಿಂತ. ತಾಯಿಯಿಂದ ಅಗಲಿದ ಎಮ್ಮೆಕರು ಕೂಗಿದ ಹಾಗಿತ್ತು. ಇನ್ನೊಂದು ಸಲ ಕೇಳಿತು. ಎಮ್ಮೆಕರುವಲ್ಲ, ತನ್ನ ಸನಾದಿ.

ಮನೆಯ ಮುಂದೆ ಸಾಲು ಚಪ್ಪಲಿ. ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ಬೇವಿನ ಗಿಡದ ಬುಡದಲ್ಲಿ ಓಣಿಯ ದಮ್ಮಿನವರು, ಕೆಮ್ಮಿನವರು, ಬೀಡಿ ಸೇದಿ ಎದೆ ಕೆಡಿಸಿಕೊಂಡವರು. ನಡುವೆ ಗೊಲ್ಲಾಳಮ್ಮ ಗಲ್ಲ ಉಬ್ಬಿಸಿ, ಕಣ್ಣು ಹೊರಗೆ ತಂದು ಊದುತ್ತಿದ್ದಳು. ಪಕ್ಕದಲ್ಲಿ ಸುಂದ್ರಮ್ಮ ಬಿಸಿನೀರಿನ ಪಾತ್ರೆ ಇಟ್ಟುಕೊಂಡು, ಒಬ್ಬರು ಊದಿದ ಮೇಲೆ ಪತ್ತಿಯನ್ನು ಅದರಲ್ಲಿ ಅದ್ದಿ ಇನ್ನೊಬ್ಬರಿಗೆ ಕೊಡುತ್ತಿದ್ದಳು.

"ಗದ್ಲ ಮಾಡಬ್ಯಾಡ್ರಿ, ಹಿರೇರು ಮೊದ್ಲ. ವೆಂಕಟಪ್ಪ ಕಾಕಾ, ಇನ್ನ ನಿಮ್ಮ ಪಾಳಿ."

"ಅಂಬ್ರಪ್ಪ ಬಂದ್ಯಾ ತಮ್ಮಾ?" ಎಂದಳು ಗೊಲ್ಲಾಳಮ್ಮ ಏದುಸಿರಿನಲ್ಲಿ. "ಎದಿ ಎಷ್ಟ ಹಗುರಾತಂತಿ! ಮ್ಯಾಲಿಂದ ಬಂಡೆಗಲ್ಲ ಇಳಿಸಿದಂಗ ಆತು ನೋಡು."

ಅವಳ ಬದಿಯಲ್ಲಿ ಖಾಲಿ ಚಹಾದ ಲೋಟವಿತ್ತು. ಅಂಬ್ರಪ್ಪನ ಕಣ್ಣು ಅದರ ಮೇಲೆ ನಿಂತಿತು. ಅವನು ಹೆಂಡತಿಯೊಂದಿಗೆ ಈ ಓಣಿಗೆ ಬಂದಾಗಿನಿಂದ ಕಷ್ಟಕ್ಕೆಲ್ಲ ಆಗುತ್ತಿದ್ದ ಗೊಲ್ಲಾಳಮ್ಮ ಅವರ ಮನೆಯ ಚಹಾ ಎಂದರೆ ಮಾತ್ರ ಇವತ್ತು ಒಪ್ಪತ್ತು, ಇವತ್ತು ಉಪಾಸ, ಇವತ್ತು ಹೊಟ್ಟೆ ಸರಿಯಿಲ್ಲ ಎಂದು ಏನಾದರೊಂದು ನೆವ ಹೇಳುತ್ತಿದ್ದಳು. ವೆಂಕಟಪ್ಪ ಕಾಕಾನಂತೂ ಹೊಸ್ತಿಲ ಆಚೆಯಿಂದಲೇ ಮಾತಾಡಿಸಿ ಹೋಗುವವನು. ಇವತ್ತು ಒಂದೇ ಪತ್ತಿಯ ಎಂಜಲು ಎಲ್ಲರ ಬಾಯಿಗೂ ಹತ್ತಿತ್ತು, ಒಲೆಯ ಮೇಲೆ ಇನ್ನೊಂದು ಸುತ್ತಿನ ಚಹಾ ಕುದಿಯುತ್ತಿತ್ತು. ಸುಂದ್ರಮ್ಮನ ಮುಖ ಮಗಳ ಮದುವೆ ಮಾಡುವ ತಾಯಿಯ ಮುಖದಂತಿತ್ತು. ಆ ಮುಖದ ಮುಂದೆ ನಿಂತು ನನ್ನ ಸನಾದಿ ನನಗೆ ಕೊಡು ಎಂದು ಕೇಳುವ ಎದೆ ಅಂಬ್ರಪ್ಪನಿಗಿರಲಿಲ್ಲ.

ಆದರೂ ತಡೆಯಲಾರದೆ ಹತ್ತಿರ ಹೋಗಿ ಪಿಸುಗುಟ್ಟಿದ. "ಸುಂದ್ರಾ, ನಾನೂ ಒಂದೀಟು..."

"ಇವತ್ತ ಬ್ಯಾಡ್ರಿ. ದಣಿದೀರಿ ನೀವು. ದಣಿದಾಗ ಊದಬಾರ್ದು ಅಂದಾರ ಡಾಕ್ಟ್ರು."

"ಹಂಗಾರ ನಾಳಿ?"

"ನಾಳಿ ಮುಂಜಾನಿ ನಿಮ್ಮ ಪಾಳಿ ಹಿಡದಿಟ್ಟೀನಿ. ಕಚೇರಿಗಿ ಹೋಗೂಕಿಂತ ಮೊದ್ಲ."

ಅಂಬ್ರಪ್ಪ ಅಷ್ಟಕ್ಕೇ ತೃಪ್ತನಾದ. ಒಂದು ರಾತ್ರಿ ತಾನೇ. ಅಷ್ಟರಲ್ಲಿ ಮನೆಯ ಮುಂದೆ ಒಂದು ಸ್ಕೂಟರು ನಿಂತಿತು. ಮರಿಲಿಂಗಪ್ಪ ಹಿಂದಿನ ಸೀಟಿನಿಂದ ತನ್ನ ಮುದಿ ತಾಯಿಯನ್ನು ಜೋಪಾನವಾಗಿ ಇಳಿಸಿದ.

"ಅಂಬ್ರಪ್ಪ, ಎಲ್ಲಾ ನಾ ಕೊಟ್ಟ ಪೆಟ್ಟಿಂದ ಹೊರಗ ಬಿತ್ತು ನೋಡು! ನಮ್ಮವ್ವಗೂ ಭಾಳ ದಿನದ ದಮ್ಮು. ಮುಂಜಾನಿ ಹೊತ್ತ ಆದ್ರ ನಾ ಕಚೇರಿಗಿ ಬರಬೇಕಾದ್ರ ಬಿಟ್ಟು ಹೋಗ್ತೀನಿ. ಸುಂದ್ರಮ್ಮಗ ಒಂದ ಮಾತ ಹೇಳಪಾ."

ಮೇಲ್ವಿಚಾರಕ ಬಾಯಿಬಿಟ್ಟು ಕೇಳಿದ ಮೇಲೆ ಗುಮಾಸ್ತ ಇಲ್ಲವೆನ್ನುವುದು ಹೇಗೆ? ಅಂಬ್ರಪ್ಪ ಹೆಂಡತಿಯ ಹತ್ತಿರ ಹೋಗಿ ಹೇಳಿದ. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಅದಕ್ಕೇನ್ರಿ, ದೊಡ್ಡವ್ರು ಬಂದಾರ. ನಾಳಿ ಮುಂಜಾನೀದು ಅವ್ರಿಗಿ ಕೊಟ್ಟಬಿಡೂನು."

"ಮತ್ತ ನಂದು?"

ಸುಂದ್ರಮ್ಮ ಅವನನ್ನು ಪ್ರೀತಿಯಿಂದಲೇ ನೋಡಿದಳು. "ನೀವೇನ್ ಹೊರಗಿನವ್ರೇನ್ರಿ? ಮನಿ ಮಂದಿ. ನೀವು ಯಾವಾಗರ ಊದಬಹುದು. ಈ ನೀರು ಆರ್ಯಾವ ನೋಡ್ರಿ, ಒಳಗ ಕುದಿಯಾಕ ಇಟ್ಟೀನಿ, ತರ್ರಿ."

ಅಂಬ್ರಪ್ಪ ಸೌತೆಕಾಯಿಗಳನ್ನು ಕಟ್ಟೆಯ ಮೇಲಿಟ್ಟು, ಜೇಬಿನಿಂದ ಪಂಪು ತೆಗೆದು ಎರಡು ಸಲ ಎಳೆದುಕೊಂಡು, ಪತ್ತಿ ತೊಳೆಯುವ ಬಿಸಿನೀರು ತರಲು ಒಳಗೆ ಹೋದ.